ಹಿತ್ತಲಿನ ಕಡಕನಾಥ

ಮ್ಹೈಸಾಳದ ನಮ್ಮ ಹಿತ್ತಲಲ್ಲಿ ಕಡಕನಾಥ ಕೋಳಿಗಳ ಒಂದು ಜೋಡಿಯಿದೆ, ಅಂದಕ್ಕೆಂದೇ ಸಾಕಿದ್ದೇವೆ. ಹುಂಜದ ಗರಿಗಳ ಮೇಲೆ ಬಿಸಿಲು ಬಿದ್ದರೆ ಕಪ್ಪಿನೊಳಗಿಂದ ಹಸಿರು, ನೀಲಿ ಮಿನುಗುತ್ತವೆ. ಕೊಕ್ಕು, ನಾಲಗೆ, ಮಾಂಸ, ಎಲುಬಿನ ಪೊರೆ ಕೂಡ ಕಪ್ಪು. ತತ್ತಿ ಮಾತ್ರ ನಸುಗಂದು. ಕರಿಯ ತತ್ತಿಯನ್ನು ಕಾಣಬಂದ ಬೀಗರು ನಿರಾಶರಾಗುತ್ತಾರೆ.

ಇದರ ತವರು ಮಧ್ಯಪ್ರದೇಶದ ಝಾಬುವಾ. ಅಲ್ಲಿಯ ಭಿಲ್ಲರು ಇದನ್ನು 'ಕಾಲಿಮಾಸಿ' ಎನ್ನುತ್ತಾರೆ. ಝಾಬುವಾದ ಕಡಕನಾಥ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅಲಂಕಾರಕ್ಕೆಂದು ಸಾಕುವ ಚೀನದ ಸಿಲ್ಕಿ ಕೋಳಿಯ ಕಪ್ಪಿಗೂ ಇದರ ಕಪ್ಪಿಗೂ ಅನುವಂಶಿಕ ಕಾರಣ ಒಂದೇ. ಆದರೆ ಸಿಲ್ಕಿ ಕಾವಿಗೆ ಕೂಡುವುದರಲ್ಲಿ ಹೆಸರುವಾಸಿ. ಕಡಕನಾಥ ಕೂಡುವುದು ಅಪರೂಪ. ವರ್ಷಕ್ಕೆ ಇಡುವ ತತ್ತಿಗಳು ನೂರರ ಆಸುಪಾಸು.

ಈ ಲೆಕ್ಕವನ್ನು ನಮ್ಮ ಅಣ್ಣ ಮೊದಲೇ ಹಾಕಲಿಲ್ಲ. ತತ್ತಿಗಳನ್ನು ಭಾರಿ ಬೆಲೆಗೆ ತಾನೇ ಕೊಳ್ಳುವೆನೆಂದು ಒಂದು ಕಂಪನಿ ಸಾಂಗಲಿ ಜಿಲ್ಲೆಯ ರೈತರಿಂದ ಹಣ ಕಟ್ಟಿಸಿಕೊಂಡಿತ್ತು. 2019ರಲ್ಲಿ ಆ ವ್ಯವಹಾರ ಮುರಿದುಬಿದ್ದಿತು. ಕೋಳಿಗಳು ಉಳಿದವು, ಕೊಳ್ಳುವವರು ಉಳಿಯಲಿಲ್ಲ. ವೈನಿಯ ಪಾಟಲಿಗಳು ಆಗಲೇ ಒತ್ತೆ ಹೋಗಿದ್ದವು. ಕಾಳು ಪೂರೈಸಲಾಗದೆ ಅಣ್ಣ ಎಲ್ಲವನ್ನೂ ಜವಾರಿ ಕೋಳಿಯ ಬೆಲೆಗೆ ಮಾರಿದನು. ಕೊನೆಯ ಜೋಡಿಯನ್ನು ವೈನಿ ಕೊಡಲಿಲ್ಲ.

"ಇವೇನ್ ತಪ್ಪ ಮಾಡ್ಯಾವು?" ಎಂದರು.

ಈಗಿರುವುದು ಆ ಜೋಡಿಯ ಮರಿಗಳು. ಜವಾರಿ ಹೇಂಟೆಯ ಕಾವಿನಲ್ಲಿ ಹುಟ್ಟಿದವು. ಅಣ್ಣ ಇಂದಿಗೂ ಅವುಗಳ ಮಾತೆತ್ತುವುದಿಲ್ಲ. ಬೆಳಗಾದರೆ ಒಂದು ಹಿಡಿ ಜೋಳ ಮಾತ್ರ ತಪ್ಪದೆ ಚೆಲ್ಲಿ ಹೋಗುತ್ತಾನೆ.