ಪಿಲ್ಸೆನ್ ಅಂಗಳದಲ್ಲಿ ಪೀಪಾಯಿಗಳ ಪಂದ್ಯ

ಪಿಲ್ಸೆನ್ ಊರಿನ ಪುರಭವನದ ಎದುರು 1838ರಲ್ಲಿ ಒಂದು ದಿನ ಬಿಯರ್ ಚರಂಡಿಗೆ ಹರಿಯಿತು. ಹಬ್ಬಕ್ಕಲ್ಲ, ಸಿಟ್ಟಿಗೆ! ಊರಿನ ಬಿಯರ್ ಮತ್ತೆ ಮತ್ತೆ ಹುಳಿಯಾಗಿ ಕೆಡುತ್ತಿದ್ದುದನ್ನು ಕಂಡು ರೋಸಿಹೋದ ಜನ 36 ಪೀಪಾಯಿಗಳನ್ನು ಬೀದಿಗೆ ಉರುಳಿಸಿ ಬರಿದು ಮಾಡಿದರು. ಕೊನೆಗೆ ಊರ ನಾಗರಿಕರೇ ಹಣ ಹಾಕಿ ತಮ್ಮದೇ ಒಂದು ಕಾರ್ಖಾನೆ ಕಟ್ಟಲು ನಿಶ್ಚಯಿಸಿದರು.

ಈ ಪಿಲ್ಸೆನ್ (ಅಲ್ಲಿಯವರ ಬಾಯಲ್ಲಿ ಪ್ಲ್ಜೆನ್) ಇರುವುದು ಜೆಕ್ ಗಣರಾಜ್ಯದ ಪಶ್ಚಿಮಕ್ಕೆ. ರಾಜಧಾನಿ ಪ್ರಾಗ್‌ನಿಂದ ಸುಮಾರು 90 ಕಿಲೋಮೀಟರ್. ನಾಲ್ಕು ನದಿಗಳು ಕೂಡುವ ಜಾಗದಲ್ಲಿ 1295ರಲ್ಲಿ ಎರಡನೇ ವೆನ್ಸೆಸ್ಲಾಸ್ ದೊರೆ ಹುಟ್ಟುಹಾಕಿದ ಊರು ಇದು. ನಡುವಣ ಚೌಕದಲ್ಲಿ ನಿಂತಿರುವ ಸೇಂಟ್ ಬಾರ್ತಲೋಮಿಯೊ ಇಗರ್ಜಿಯ ಗೋಪುರ 102 ಮೀಟರಿಗೂ ಎತ್ತರ. ಆ ದೇಶದ ಇಗರ್ಜಿ ಗೋಪುರಗಳಲ್ಲಿ ಇದೇ ಅತಿ ಎತ್ತರದ್ದು. ಮೆಟ್ಟಿಲು ಹತ್ತುವ ತ್ರಾಣವಿದ್ದವರಿಗೆ ಮೇಲಿನಿಂದ ಇಡೀ ಊರು ಕಾಣುತ್ತದೆ. ಒಂದೆಡೆ ಸ್ಕೋಡಾ ಕಾರ್ಖಾನೆಗಳ ಹರವು, ಇನ್ನೊಂದೆಡೆ ಬಿಯರ್ ಕಾರ್ಖಾನೆಯ ಕಟ್ಟಡಗಳು. ಆ ಕಾರ್ಖಾನೆಯ ಅನತಿ ದೂರದಲ್ಲೇ ವಿಕ್ಟೋರಿಯಾ ಪ್ಲ್ಜೆನ್ ಫುಟ್‌ಬಾಲ್ ತಂಡದ ಕ್ರೀಡಾಂಗಣ. ತಂಡ ಹುಟ್ಟಿದ್ದು 1911ರಲ್ಲಿ, ಮೊದಲ ಬಾರಿ ಲೀಗ್ ಗೆದ್ದದ್ದು 2011ರಲ್ಲಿ. ನೂರು ವರ್ಷ ಕಾಯುವ ತಾಳ್ಮೆ ಎಷ್ಟು ಊರುಗಳಿಗಿದೆ?

ಪ್ರವಾಸಿಗರನ್ನು ಸೆಳೆಯುವುದು ಮಾತ್ರ ನೆಲದಡಿಯ ಲೋಕ. ಮರಳುಗಲ್ಲನ್ನು ಕೊರೆದು ಮಾಡಿದ ಸುರಂಗಗಳ ಒಟ್ಟು ಉದ್ದ ಸುಮಾರು 9 ಕಿಲೋಮೀಟರ್. ಬೇಸಿಗೆಯಲ್ಲೂ ಅಲ್ಲಿ ಸ್ವೆಟರ್ ಬೇಕು. ಯಂತ್ರಗಳು ತಂಪು ಕೊಡುವ ಮುನ್ನ ಚಳಿಗಾಲದ ಮಂಜುಗಡ್ಡೆಯನ್ನು ಕೂಡಿಟ್ಟು ಇಲ್ಲಿ ಬಿಯರನ್ನು ತಿಂಗಳುಗಟ್ಟಲೆ ತಣ್ಣಗೆ ಇಡುತ್ತಿದ್ದರು. 'ಲಾಗರ್' ಎಂಬ ಹೆಸರೇ ಜರ್ಮನ್ ಭಾಷೆಯಲ್ಲಿ ದಾಸ್ತಾನು ಇಡುವುದಕ್ಕಿರುವ ಪದದಿಂದ ಬಂದದ್ದು.

ಆ ವಿದ್ಯೆ ಬಲ್ಲವರು ಪಕ್ಕದ ಬವೇರಿಯಾದವರು. ಅಲ್ಲಿಂದ ಯೋಸೆಫ್ ಗ್ರೋಲ್ ಎಂಬ ತರುಣನನ್ನು ಊರಿನವರು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಮೊದಲ ಹಂಡೆ ಒಲೆಗೇರಿಸಿದ. ಹೊಗೆ ತಾಗದಂತೆ ಹದವಾಗಿ ಒಣಗಿಸಿದ ಮೊಳಕೆ ಬಾರ್ಲಿ, ಜಾಟೆಟ್ಸ್ ಸೀಮೆಯ ಹಾಪ್ಸ್ ಹೂ, ಲವಣಾಂಶ ತೀರ ಕಡಿಮೆಯಿರುವ ಪಿಲ್ಸೆನ್ ನೀರು ಮೂರೂ ಕೂಡಿದವು. ನವೆಂಬರಿನಲ್ಲಿ ಪೀಪಾಯಿ ತೆರೆದಾಗ ಸುರಿದದ್ದು ಅದುವರೆಗಿನ ಕಂದು ಬಣ್ಣದ ದ್ರವವಲ್ಲ, ತಿಳಿ ಹೊಂಬಣ್ಣದ್ದು. ಬೊಹೀಮಿಯಾದ ಗಾಜಿನ ಲೋಟಗಳು ಆ ಬಣ್ಣಕ್ಕೆ ಮೆರುಗು ಕೊಟ್ಟವು. ಗ್ರೋಲ್ 1845ರಲ್ಲಿ ಊರಿಗೆ ಮರಳಿದ. ಅವನ ಮಾದರಿ ಮಾತ್ರ ರೈಲು ಹತ್ತಿ ಜಗತ್ತು ಸುತ್ತಿತು. 'ಪಿಲ್ಸ್‌ನರ್' ಎಂಬುದು ಊರಿನ ಹೆಸರಾಗಿ ಉಳಿಯದೆ ಜಾತಿಯ ಹೆಸರಾಯಿತು.

ಇನ್ನು ಪಂದ್ಯದ ವಿಷಯ. ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಯುರೋಪಿನಲ್ಲಿ ಕೆಲವು ಗೆಳೆಯರ ಗುಂಪುಗಳು ಒಂದು ಮೋಜಿನಾಟ ಹೂಡುತ್ತವೆ. ಎಂಟು ದೇಶಗಳ ಹೆಸರು ಬರೆದು ಚೀಟಿ ಎತ್ತುವುದು. ಎರಡೆರಡು ದೇಶಗಳ ಬಿಯರನ್ನು ಒಂದೇ ಬಗೆಯ ಲೋಟಗಳಲ್ಲಿ, ಸೀಸೆ ಕಾಣದಂತೆ ಇಡುವುದು. ಒಂದೊಂದು ಗುಟುಕು ನೋಡಿ ಮತ ಹಾಕುವುದು. ಒಂದು ಮತಕ್ಕೆ ಒಂದು ಗೋಲು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಸೇರಿ ಏಳು ಪಂದ್ಯ. ಸೀಸೆ ಅಡಗಿಸದಿದ್ದರೆ ಆಟ ಕೆಟ್ಟಿತೆಂದೇ ಅರ್ಥ. ಲೇಬಲ್ ಕಂಡೊಡನೆ ನಾಲಗೆಯ ಬದಲು ಸ್ವದೇಶಾಭಿಮಾನ ಮತ ಹಾಕತೊಡಗುತ್ತದೆ!

ಇದೇ ಆಟವನ್ನು ಒಂದು ಹನಿಯೂ ಸುರಿಯದೆ ಕಾಗದದ ಮೇಲೆ ಆಡಬಹುದು. ಯಾವ ಊರು ಜಗತ್ತಿಗೆ ಏನು ಕೊಟ್ಟಿತು ಎಂಬುದೇ ಗೋಲು. ವಿದ್ಯಾರ್ಥಿಗಳಿಗಂತೂ ಈ ರೂಪವೇ ವಾಸಿ.

ಮೊದಲ ಸೆಮಿಫೈನಲ್ ಮ್ಯೂನಿಕ್ ಮತ್ತು ಪಿಲ್ಸೆನ್ ನಡುವೆ. ಬವೇರಿಯಾದ ಕಡೆ ಇತಿಹಾಸದ ಬಲವಿದೆ. ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಕೂಡದೆಂದು ಅಲ್ಲಿನ ಡ್ಯೂಕ್ 1516ರಲ್ಲೇ ಕಟ್ಟಳೆ ಮಾಡಿದ್ದ. 1810ರ ರಾಜಕುಮಾರನ ಮದುವೆಯಿಂದ ಆರಂಭವಾದ ಅಕ್ಟೋಬರ್‌ಫೆಸ್ಟ್ ಬೇರೆ. ಆದರೆ ಪಿಲ್ಸೆನ್ ಪರ ಗೆಲುವಿನ ಗೋಲು ಹೊಡೆದವನು ಬವೇರಿಯಾದ ಗ್ರೋಲ್! ಎದುರಾಳಿಯ ಆಟಗಾರನನ್ನೇ ಕರೆತಂದು ಗೆದ್ದ ಪಂದ್ಯವಿದು.

ಎರಡನೆಯದು ಡಬ್ಲಿನ್ ಮತ್ತು ಕೋಪನ್‌ಹೇಗನ್ ನಡುವಣ ನಿಜವಾದ ಹಣಾಹಣಿ. ಡಬ್ಲಿನ್ನಿನಲ್ಲಿ ಆರ್ಥರ್ ಗಿನ್ನಿಸ್ 1759ರಲ್ಲಿ ಕಾರ್ಖಾನೆಯ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಗುತ್ತಿಗೆ ಹಿಡಿದ. ಅದೇ ಕಾರ್ಖಾನೆಗೆ 1899ರಲ್ಲಿ ಸೇರಿದವನು ಆಕ್ಸ್‌ಫರ್ಡಿನಲ್ಲಿ ಓದಿದ ವಿಲಿಯಂ ಗಾಸೆಟ್. ಕೆಲವೇ ಮಾದರಿಗಳನ್ನು ನೋಡಿ ಬಾರ್ಲಿಯ ಗುಣ ಹೇಗೆ ನಿರ್ಧರಿಸುವುದು ಎಂಬುದು ಅವನ ಪೇಚು. ಉತ್ತರ ಹೊಳೆಯಿತು. ಆದರೆ ಕಂಪೆನಿಯ ನಿಯಮದಂತೆ ಸ್ವಂತ ಹೆಸರಿನಲ್ಲಿ ಪ್ರಕಟಿಸುವಂತಿಲ್ಲ. 1908ರಲ್ಲಿ ಅವನು ಅದನ್ನು ಪ್ರಕಟಿಸಿದ್ದು 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ. ಇಂದು ಸಂಖ್ಯಾಶಾಸ್ತ್ರ ಓದುವ ಪ್ರತಿ ಕಾಲೇಜು ಹುಡುಗ-ಹುಡುಗಿ ಲೆಕ್ಕ ಹಾಕುವ 'ಸ್ಟೂಡೆಂಟ್ಸ್ ಟಿ' ಪರೀಕ್ಷೆ ಅವನದೇ.

ಕೋಪನ್‌ಹೇಗನ್ ಕಡೆಗೆ ಕಾರ್ಲ್ಸ್‌ಬರ್ಗ್. 1847ರಲ್ಲಿ ಅದನ್ನು ಆರಂಭಿಸಿದ ಯಾಕೋಬ್ಸೆನ್ 1875ರಲ್ಲಿ ಪ್ರಯೋಗಾಲಯ ತೆರೆದ. ಅಲ್ಲಿ ಎಮಿಲ್ ಹಾನ್ಸೆನ್ 1883ರಲ್ಲಿ ಒಂದೇ ಕಣದಿಂದ ಶುದ್ಧ ಯೀಸ್ಟ್ ಬೆಳೆಸಿ, ಬಿಯರ್ ಹುಳಿಯಾಗುವ ಪಿಡುಗಿಗೆ ಮದ್ದು ಕಂಡುಹಿಡಿದ. ಪಿಲ್ಸೆನ್ ಜನ ಬೀದಿಗೆ ಸುರಿದ ಬೇಗೆ ಇದೇ ಅಲ್ಲವೆ? ಕಂಪೆನಿ ಆ ಯೀಸ್ಟನ್ನು ಬಚ್ಚಿಡದೆ ಉಳಿದ ತಯಾರಕರಿಗೂ ಕೊಟ್ಟಿತು. ಆಮ್ಲ-ಕ್ಷಾರ ಅಳೆಯುವ ಪಿಎಚ್ ಮಾಪಕ್ರಮವೂ 1909ರಲ್ಲಿ ಅದೇ ಪ್ರಯೋಗಾಲಯದ ಸೋರೆನ್ಸೆನ್ ಕೊಟ್ಟದ್ದು. ಮುಂದೆ ಕಂಪೆನಿಯ ಗೌರವ ನಿವಾಸದಲ್ಲಿ 1932ರಿಂದ ಭೌತವಿಜ್ಞಾನಿ ನೀಲ್ಸ್ ಬೋರ್ ವಾಸವಿದ್ದರು. ತಾರುಣ್ಯದಲ್ಲಿ ಅವರು ಗೋಲ್‌ಕೀಪರ್. ತಮ್ಮ ಹರಾಲ್ಡ್ ಬೋರ್ ಗಣಿತಜ್ಞ, 1908ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಡೆನ್ಮಾರ್ಕ್ ಫುಟ್‌ಬಾಲ್ ತಂಡದ ಆಟಗಾರ. ಸೆಮಿಫೈನಲ್ಲಿನಲ್ಲಿ ಆ ತಂಡ ಫ್ರಾನ್ಸನ್ನು 17-1ರಿಂದ ಬಡಿದಿತ್ತು. ಹೆಸರು ಮರೆಸಿದ ಡಬ್ಲಿನ್ನಿಗಿಂತ ಕೈಬಿಚ್ಚಿ ಕೊಟ್ಟ ಕೋಪನ್‌ಹೇಗನ್ ಒಂದು ಗೋಲು ಮುಂದೆ.

ಫೈನಲ್ಲಿನಲ್ಲಿ ತಮಾಷೆಯೆಂದರೆ ಎರಡೂ ತಂಡಗಳ ಅಂಗಿ ಒಂದೇ ಬಣ್ಣದ್ದು. ಕಾರ್ಲ್ಸ್‌ಬರ್ಗ್ 1904ರಲ್ಲಿ ಹೊರತಂದದ್ದೂ ಪಿಲ್ಸ್‌ನರ್ ಬಿಯರನ್ನೇ. 1915ರಲ್ಲಿ ಹುಟ್ಟಿದ ಬೆಂಗಳೂರಿನ ಯುನೈಟೆಡ್ ಬ್ರುವರೀಸ್ ಸಂಸ್ಥೆಯ ಕಿಂಗ್‌ಫಿಷರ್ ಕೂಡ ಲಾಗರ್ ವಂಶದ್ದೇ. ಅದೇ ಸಮೂಹ 1998ರಲ್ಲಿ ಕೋಲ್ಕತ್ತದ ಬದ್ಧ ಎದುರಾಳಿಗಳಾದ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಎರಡಕ್ಕೂ ಪ್ರಾಯೋಜಕನಾಗಿತ್ತು. ಗೆದ್ದರೂ ತನ್ನದೇ, ಸೋತರೂ ತನ್ನದೇ!

ಹಾಗಾದರೆ ಕಪ್ ಯಾರಿಗೆ? ಸೋತ 'ಸ್ಟೂಡೆಂಟ್' ಇಲ್ಲಿ ರೆಫರಿಯಾಗಿ ಸೀಟಿ ಊದುತ್ತಾನೆ. ಗೆಳೆಯರ ಆಟದಲ್ಲಿ ನಾಲ್ವರು ತೀರ್ಪುಗಾರರಿದ್ದರೆನ್ನಿ. ಎರಡು ಲೋಟಗಳ ರುಚಿಯಲ್ಲಿ ವ್ಯತ್ಯಾಸವೇ ತಿಳಿಯದೆ ನಾಣ್ಯ ಚಿಮ್ಮಿದಂತೆ ಮತ ಹಾಕಿದರೂ ನಾಲ್ಕೂ ಮತ ಒಂದೇ ಕಡೆ ಬೀಳುವ ಸಂಭವ 16ರಲ್ಲಿ 2, ಅಂದರೆ ಎಂಟರಲ್ಲೊಂದು. ಏಳು ಪಂದ್ಯಗಳಲ್ಲಿ ಒಂದಾದರೂ 4-0 ಆಗುವ ಸಾಧ್ಯತೆ ನೂರಕ್ಕೆ ಸುಮಾರು 61. 'ಭರ್ಜರಿ ಜಯ' ಎಂದು ಕುಣಿದದ್ದು ಬರಿಯ ಆಕಸ್ಮಿಕವಾಗಿರಬಹುದು. ಲೋಟದ ಬದಲು ಎರಡು ಹೋಟೆಲಿನ ಕಾಫಿ ಇಟ್ಟು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಅಪ್ಪ ಅಮ್ಮನೂ ಮತದಾರರಾಗಲಿ.

ಕಾಫಿಯೇ ಏಕೆಂದರೆ, ತಲಾ ಬಿಯರ್ ಸೇವನೆಯಲ್ಲಿ ವರ್ಷಾನುವರ್ಷ ಜಗತ್ತಿಗೇ ಮೊದಲಿಗರಾದ ಜೆಕ್ ಜನರೂ ಕೆಲವು ಗೆರೆಗಳನ್ನು ಗಟ್ಟಿಯಾಗಿ ಎಳೆದಿದ್ದಾರೆ. 18 ತುಂಬದವರಿಗೆ ಮಾರಾಟವಿಲ್ಲ. ವಾಹನ ಓಡಿಸುವವನ ರಕ್ತದಲ್ಲಿ ಮದ್ಯ ಇರಲೇಕೂಡದು, ಒಂದು ಲೋಟಕ್ಕೂ ರಿಯಾಯಿತಿಯಿಲ್ಲ. ಫುಟ್‌ಬಾಲ್ ಅಂಗಳದಲ್ಲೂ ಈ ಗೆರೆ ಅತ್ತಿತ್ತ ಸರಿಯುತ್ತಿದೆ. ಕತಾರ್‌ನಲ್ಲಿ 2022ರ ವಿಶ್ವಕಪ್ ಶುರುವಾಗಲು ಎರಡೇ ದಿನ ಇರುವಾಗ ಕ್ರೀಡಾಂಗಣಗಳ ಆವರಣದಲ್ಲಿ ಬಿಯರ್ ಮಾರಾಟ ರದ್ದಾಯಿತು. ಪಂದ್ಯಗಳು ನಡೆದವು, ಗೋಲುಗಳೂ ಬಿದ್ದವು.