ಎಲ್ಲರೂ ಕಾಯುವ ಪಂದ್ಯ ನಡೆಯೋದೇ ಇಲ್ಲ, ಯಾಕೆ?

ಬಾಕ್ಸಿಂಗ್ ನೋಡುವವರಿಗೆ ಒಂದು ಹಳೇ ಬೇಜಾರಿದೆ. ಟೆನಿಸ್‌ನಲ್ಲಿ ಡ್ರಾ ಬಂತು ಅಂದ್ರೆ ಯಾರ ಎದುರು ಯಾರು ಅಂತ ತೀರ್ಮಾನ ಆದ ಹಾಗೆ. ಬಾಕ್ಸಿಂಗ್‌ನಲ್ಲಿ ಹಾಗಿಲ್ಲ. ಇಬ್ಬರು ಆಟಗಾರರು ಒಪ್ಪಬೇಕು, ಇಬ್ಬರ ಪ್ರಮೋಟರ್‌ಗಳು ಒಪ್ಪಬೇಕು, ಟಿವಿಯವರು ಒಪ್ಪಬೇಕು. ಇಷ್ಟು ಜನರಲ್ಲಿ ಒಬ್ಬರು ಎದ್ದು ಹೋದರೂ ಕಥೆ ಮುಗೀತು.

ನಾನು ಇಂಜಿನಿಯರಿಂಗ್ ಓದ್ತಿದ್ದಾಗ ನಮ್ಮ ಹಾಸ್ಟೆಲ್ ಪೂರ್ತಿ ಕಾದಿದ್ದು ಮೇವೆದರ್ ಮತ್ತು ಪಕಿಯಾವೊ ಪಂದ್ಯಕ್ಕೆ. ಅದು ಮೊದಲು ನಡೆಯಬೇಕಿದ್ದದ್ದು 2010ರ ಮಾರ್ಚ್ 13ಕ್ಕೆ. ಪಂದ್ಯಕ್ಕೆ ಎಷ್ಟು ದಿನ ಮುಂಚಿನವರೆಗೆ ರಕ್ತ ಪರೀಕ್ಷೆ ಮಾಡಬಹುದು ಅನ್ನೋ ಜಗಳದಲ್ಲಿ ಮುರಿದು ಬಿತ್ತು. ಆಮೇಲೆ ಒಬ್ಬರು ಎಚ್‌ಬಿಒ ಚಾನೆಲ್, ಇನ್ನೊಬ್ಬರು ಶೋಟೈಮ್ ಚಾನೆಲ್. ಕೊನೆಗೂ ಲಾಸ್ ವೇಗಸ್‌ನಲ್ಲಿ ನಡೆದದ್ದು 2015ರ ಮೇ 2ಕ್ಕೆ, ನಮಗೆ ಭಾನುವಾರ ಬೆಳಿಗ್ಗೆ. ಅಮೆರಿಕದಲ್ಲಿ ಅದನ್ನು ದುಡ್ಡು ಕೊಟ್ಟು ಟಿವಿಯಲ್ಲಿ ಹಾಕಿಸಿಕೊಂಡವರೇ 46 ಲಕ್ಷ. ಬಂದ ಹಣದ ಪಾಲು 60-40. ಅಷ್ಟೊತ್ತಿಗೆ ಮೇವೆದರ್‌ಗೆ 38 ವರ್ಷ, ಪಕಿಯಾವೊಗೆ 36. ಹನ್ನೆರಡು ಸುತ್ತು ಸಪ್ಪೆಯಾಗಿ ಮುಗಿದು ಪಾಯಿಂಟ್ ಮೇಲೆ ಮೇವೆದರ್ ಗೆದ್ದರು. ಪಕಿಯಾವೊಗೆ ಭುಜ ನೋವಿತ್ತು ಅಂತ ಪಂದ್ಯ ಮುಗಿದ ಮೇಲೆ ಗೊತ್ತಾಯ್ತು. ಐದು ವರ್ಷ ಹಿಂದಿನ ಆ ಪಂದ್ಯವನ್ನು ಯಾರೂ ನೋಡಲೇ ಇಲ್ಲ.

ಇದಾದರೂ ನಡೆಯಿತು. ಲೆನಾಕ್ಸ್ ಲೂಯಿಸ್ ಮತ್ತು ರಿಡಿಕ್ ಬೋ ಕಥೆ ಇನ್ನೂ ಕಷ್ಟದ್ದು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೂಯಿಸ್ ಎರಡನೇ ಸುತ್ತಿನಲ್ಲೇ ಗೆದ್ದಿದ್ದರು. 1992ರಲ್ಲಿ ಬೋ ವಿಶ್ವ ಚಾಂಪಿಯನ್ ಆದಾಗ ಮುಂದಿನ ಎದುರಾಳಿ ಲೂಯಿಸ್ ಅಂತ ಎಲ್ಲರೂ ಕಾದರು. ಬೋ ಲಂಡನ್‌ನಲ್ಲಿ ಪತ್ರಕರ್ತರನ್ನ ಕರೆದು ಆ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿಬಿಟ್ಟರು. ವೃತ್ತಿಪರರಾಗಿ ಇಬ್ಬರೂ ಒಮ್ಮೆಯೂ ಎದುರಾಗಲಿಲ್ಲ.

'ಹೆದರಿಕೊಂಡ' ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ತಲೆಗೆ ಏಟು ತಿನ್ನೋದನ್ನೇ ಕೆಲಸ ಮಾಡಿಕೊಂಡವರು ಒಬ್ಬ ಮನುಷ್ಯನಿಗೆ ಹೆದರ್ತಾರೆ ಅಂತ ನನಗೆ ಅನ್ನಿಸೋದಿಲ್ಲ. ಲೆಕ್ಕ ಬೇರೆ ಇದೆ. ಬಾಕ್ಸರ್ ವರ್ಷಕ್ಕೆ ಒಂದೋ ಎರಡೋ ಪಂದ್ಯ ಆಡೋದು. ಸೋಲೇ ಇಲ್ಲದ ದಾಖಲೆ ಇದ್ದರೆ ಅದೇ ಅವನ ಬಂಡವಾಳ. ಒಂದು ಸೋಲು ಬಿದ್ದರೆ ಮುಂದಿನ ಎರಡು ವರ್ಷದ ಸಂಪಾದನೆ ಕಡಿಮೆ. ಅದೇ ಸುಲಭದ ಎದುರಾಳಿ ಸಿಕ್ಕರೆ ದುಡ್ಡೂ ಬರುತ್ತೆ, ದೊಡ್ಡ ಪಂದ್ಯದ ಬೆಲೆಯೂ ಏರ್ತಾ ಹೋಗುತ್ತೆ. ಕಾಯೋದ್ರಲ್ಲೇ ಲಾಭ ಇದ್ದಾಗ ಯಾರು ಅವಸರ ಮಾಡ್ತಾರೆ?

ಇದರ ಮೇಲೆ ಕರಾರುಗಳು. 2021ರ ಆಗಸ್ಟ್ 14ಕ್ಕೆ ಸೌದಿ ಅರೇಬಿಯಾದಲ್ಲಿ ಜೋಶುವಾ ಜೊತೆ ಪಂದ್ಯ ಅಂತ ಟೈಸನ್ ಫ್ಯೂರಿ ಘೋಷಿಸಿದ್ದೇ ತಡ, ಮಧ್ಯಸ್ಥಗಾರರ ತೀರ್ಪು ಬಂತು: ಹಳೇ ಕರಾರಿನ ಪ್ರಕಾರ ಫ್ಯೂರಿ ಮೊದಲು ವೈಲ್ಡರ್ ಜೊತೆ ಮೂರನೇ ಪಂದ್ಯ ಆಡಬೇಕು. ಆಗಸ್ಟ್ ಪಂದ್ಯ ಅಲ್ಲಿಗೇ ನಿಂತಿತು. ಸೆಪ್ಟೆಂಬರ್‌ನಲ್ಲಿ ಜೋಶುವಾ ಉಸಿಕ್ ಕೈಲಿ ಸೋತರು.

ಈಗ ನಮ್ಮ ಘಟ್ಟದ ಕೆಳಗಿನ ಕಂಬಳ ನೋಡಿ. 2020ರ ಫೆಬ್ರವರಿ 1ಕ್ಕೆ ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ ಇಳಿಸಿ 9.55 ಅಂದರು, ಉಸೇನ್ ಬೋಲ್ಟ್ ಜೊತೆ ಹೋಲಿಸಿದರು. ಮೊಬೈಲ್‌ನಲ್ಲಿ ಎಲ್ಲರೂ ಓಡಿಸಿದ್ದು ಅದೇ ನಡೆಯದ ಪಂದ್ಯವನ್ನ. ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ನನಗೆ ಕಂಬಳದ ಕಡೆ ಗಮನ ಕೊಡಬೇಕು ಅಂತ ಗೌಡರು ಹೋಗಲಿಲ್ಲ. ಕೆಸರಿನಲ್ಲಿ ಕೋಣದ ಹಿಂದೆ ಓಡೋದೇ ಬೇರೆ, ಟ್ರ್ಯಾಕ್ ಮೇಲೆ ಶೂ ಹಾಕಿ ಓಡೋದೇ ಬೇರೆ. ಅವರ ನಿಜವಾದ ಎದುರಾಳಿ ಜಮೈಕಾದಲ್ಲಿರಲಿಲ್ಲ. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದನ್ನೂ ಮೀರಿಸಿದರು, 9.51ರ ಲೆಕ್ಕದಲ್ಲಿ. ಕಂಬಳದಲ್ಲಿ ಒಳ್ಳೊಳ್ಳೇ ಓಟಗಾರರು ಸೀಸನ್ ಪೂರ್ತಿ ಎದುರಾಗ್ತಾನೇ ಇರ್ತಾರೆ. ಈ ವಾರ ಸೋತರೆ ಮುಂದಿನ ಕಂಬಳ ಇದೆ. ಸೋಲು ಅಲ್ಲಿ ದುಬಾರಿಯಲ್ಲ.

ಈ ವಿಷಯ ನನ್ನನ್ನ ಇಷ್ಟು ಕಾಡೋಕೆ ಕಾರಣ ನಮ್ಮ ಅಜ್ಜ. ನಮ್ಮ ಸೀತೂರು ಕಡೆ ಮಳೆಗಾಲ ಅಂದ್ರೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಆಮೇಲೆ ಮಾತಿಗೆ ಮಾತು. ಅಜ್ಜ ಹವ್ಯಾಸಿ ಅರ್ಥಧಾರಿ. ನಾಲ್ಕು ಮೈಲಿ ಆಚೆ ಇನ್ನೊಬ್ಬರು ಇದ್ದರು, ಅಜ್ಜನಷ್ಟೇ ಮಾತುಗಾರರು. ಇಬ್ಬರನ್ನೂ 'ವಾಲಿ ಮೋಕ್ಷ'ದಲ್ಲಿ ಎದುರುಬದುರು ಕೂರಿಸಬೇಕು ಅಂತ ಊರವರಿಗೆಲ್ಲ ಆಸೆ. ತೊಡಕು ಒಂದೇ: ಇಬ್ಬರಿಗೂ ವಾಲಿಯೇ ಬೇಕು. ಬಾಣ ತಿಂದು ಬಿದ್ದ ವಾಲಿಗೆ ಪ್ರಶ್ನೆ ಕೇಳುವ ಸುಖ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಉತ್ತರ ಕೊಡುವ ಕಷ್ಟ. ಆಮೇಲೆ ಯಾರ ಮನೆ ಜಗಲಿಯಲ್ಲಿ ಅನ್ನೋ ಪ್ರಶ್ನೆ. ಈ ಮಳೆಗಾಲ ಬೇಡ, ಬರೋ ವರ್ಷ ನೋಡೋಣ. ಹೀಗೇ ಹತ್ತು-ಹನ್ನೆರಡು ಮಳೆಗಾಲ ಹೋಯ್ತು. ನಡುವೆ ಓಡಾಡೋರಿಗೂ ಅದೊಂದು ಗತ್ತು: 'ಅವರು ಏನಂದ್ರು ಗೊತ್ತಾ?' ಅಂತ ಆಚೆ ಮಾತು ಈಚೆ ತರೋರಿಗೆ ಎರಡೂ ಮನೇಲಿ ಕಾಫಿ.

ಒಂದು ಆಷಾಢದಲ್ಲಿ ಆ ಹಿರಿಯರಿಗೆ ಲಕ್ವ ಹೊಡೆದು ಮಾತು ನಿಂತಿತು. ಮರುವರ್ಷ ತೀರಿಕೊಂಡರು. ಸುದ್ದಿ ಬಂದ ದಿನ ಅಜ್ಜ ಜಗಲಿಯಲ್ಲಿ ಅಡಿಕೆ ಸುಲೀತಾ ಅಪ್ಪನ ಹತ್ರ ಅಂದಿದ್ದು ನನಗೆ ನೆನಪಿದೆ: "ಇನ್ನು ನಾನು ರಾಮ ಆಗ್ತೀನಿ ಅಂದ್ರೂ ಪ್ರಶ್ನೆ ಕೇಳೋರು ಯಾರಿದಾರೋ?" ಅಜ್ಜನೂ ಈಗ ಇಲ್ಲ. ಇಬ್ಬರಲ್ಲಿ ಯಾರು ಮೇಲು ಅನ್ನೋ ಚರ್ಚೆ ಊರಲ್ಲಿ ಈಗಲೂ ನಡೆಯುತ್ತೆ. ಇಬ್ಬರನ್ನೂ ಒಟ್ಟಿಗೆ ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ನಮ್ಮ ದೊಡ್ಡಪ್ಪ ಈಗ ಮನೆ ತಾಳಮದ್ದಳೆಗೆ ಒಂದು ಪದ್ಧತಿ ಇಟ್ಟಿದ್ದಾರೆ. ಒಂದೇ ಪ್ರಸಂಗ, ಎರಡು ಶನಿವಾರ. ಮೊದಲನೇ ವಾರ ವಾಲಿ ಆದವರು ಎರಡನೇ ವಾರ ರಾಮ. ಒಪ್ಪಿಗೆ ಇದ್ದರೆ ಬನ್ನಿ, ಇಲ್ಲದಿದ್ದರೆ ಕೇಳೋಕಾದರೂ ಬನ್ನಿ ಅಂತ ಫೋನ್‌ನಲ್ಲೇ ಹೇಳಿಬಿಡ್ತಾರೆ. ಕಳೆದ ಮಳೆಗಾಲ ನಾನು ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಎರಡೂ ವಾರ ಹೋಗಿದ್ದೆ. ಮೊದಲನೇ ರಾತ್ರಿ ನಮ್ಮ ಪಕ್ಕದೂರಿನ ಮೇಷ್ಟ್ರು ರಾಮ. ವಾಲಿಯ ಪ್ರಶ್ನೆಗೆ ಎರಡು ಕಡೆ ತಡವರಿಸಿದರು. ಊಟಕ್ಕೆ ಕೂತಾಗ ಎಲೆ ಮುಂದೆಯೇ ವಾಲಿಗೆ ಹೇಳಿದರು, "ಮುಂದಿನ ಶನಿವಾರ ತಯಾರಾಗಿ ಬನ್ನಿ ಮಾರಾಯ್ರೆ, ಪ್ರಶ್ನೆ ನಂದು."