ಹೊಂದಿಕೊಂಡಿದೆ ಅಂದುಕೊಂಡಿದ್ದೆ

2025ರ ಫೆಬ್ರವರಿ. ನಮ್ಮೂರು ತಿ. ನರಸೀಪುರದಲ್ಲಿ ಕುಂಭಮೇಳ. ಕಾವೇರಿ, ಕಪಿಲಾ ಸೇರುವ ಜಾಗದಲ್ಲಿ ಜನವೋ ಜನ. ಚಪ್ಪಲಿ ಬಿಟ್ಟು, ಅವ್ವನ ಕೈ ಹಿಡಿದು ಹೊಳೆ ಕಡೆ ನಡೀತಿದ್ದೆ. "ಮರಳು ಹೆಂಗ್ ಕಾದದೆ ನೋಡು ಮಗ, ಬಿರ್‌ಬಿರ್ನೆ ನಡಿ" ಅಂದಳು ಅವ್ವ. ನನಗೆ ಬಿಸಿ ಗೊತ್ತೇ ಆಗಲಿಲ್ಲ. ಕಾಲಿಗೆ ಕಾಲುಚೀಲ ಹಾಕಿಕೊಂಡು ನಡೆದ ಹಾಗಿತ್ತು. ಬಗ್ಗಿ ನೋಡಿದೆ, ಬರಿಗಾಲು.

ಆ ಹೊತ್ತಿಗೆ ನಾನು ವೀಗನ್ ಆಗಿ ಎರಡು ವರ್ಷ ಮೇಲಾಗಿತ್ತು. ಮಾಂಸ, ಮೊಟ್ಟೆ ಮಾತ್ರ ಅಲ್ಲ. ಹಾಲು, ಮೊಸರು, ತುಪ್ಪ ಎಲ್ಲ ಬಂದ್. ನನ್ನ ಬಾಡಿ ಇದಕ್ಕೆ ಸಂಪೂರ್ಣ ಹೊಂದಿಕೊಂಡಿದೆ ಅಂತ ಆಫೀಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಓಡಾಡುತ್ತಿದ್ದೆ.

ಶುರುವಾಗಿದ್ದು 2023ರ ಸಂಕ್ರಾಂತಿ ದಿನ. ನಮ್ಮ ಕಡೆ ಸಂಕ್ರಾಂತಿ ಅಂದ್ರೆ ದನಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸ್ತಾರೆ. ಮನೆಯ ಎಚ್‌ಎಫ್ ಹಸು ಎರಡು ವಾರದ ಹಿಂದೆ ಕರು ಹಾಕಿತ್ತು. ಬೆಂಗಳೂರಿನಿಂದ ಬಂದವನು ನೋಡಿದರೆ ಕೊಟ್ಟಿಗೆಯಲ್ಲಿ ಕರು ಇಲ್ಲ. "ಗಂಡ್ಗರ ಕಟ್ಕಂಡು ಏನ್ ಮಾಡದು, ಕೊಟ್ಬುಟ್ಟೊ" ಅಂದರು ಅಪ್ಪ. ಯಾರಿಗೆ ಅಂತ ನಾನು ಕೇಳಲಿಲ್ಲ. ಕಿಚ್ಚು ಹಾಯುವಾಗ ಆ ಹಸು ಎರಡು ಸಲ ಹಿಂದಕ್ಕೆ ತಿರುಗಿ ಕೂಗಿತು. ರಾತ್ರಿ ಊಟಕ್ಕೆ ಮೊಸರು ಬೇಡ ಅಂದೆ.

ಅವ್ವನಿಗೆ ಅದನ್ನು ಹೇಳೋದು ಸುಲಭ ಇರಲಿಲ್ಲ. ನಾಲ್ಕು ವರ್ಷದ ಇಂಜಿನಿಯರಿಂಗ್ ಫೀಸಿನ ಬಹುಪಾಲು ಬಂದಿದ್ದು ಅವಳು ಎರಡು ಹೊತ್ತು ಡೇರಿಗೆ ಹಾಕಿದ ಹಾಲಿನಿಂದ. "ಹಾಲ್ ಹಾಕಿ ಓದುಸ್ದೆ. ಈಗ ನಿಂಗೆ ಹಾಲೇ ಬ್ಯಾಡ್ವಾ? ನನ್ ಹಸ ಏನ್ ಮಾಡ್ತು ನಿಂಗೆ?" ಅಂದಳು. ಉತ್ತರ ಇರಲಿಲ್ಲ. ಮಾಂಸ ಬಿಟ್ಟಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ ಅವಳಿಗೆ. ಬನ್ನೂರು ಕುರಿಯ ತಾಲ್ಲೂಕಿನವನು ಯುಗಾದಿ ಮಾರನೇ ದಿನ ಹೊಸತೊಡಕಿಗೆ ಉಪ್ಪೆಸ್ರು ಉಣ್ಣೋದು ನೋಡಿ ನಕ್ಕಿದ್ದು ನಮ್ಮ ಚಿಕ್ಕಪ್ಪಂದಿರು.

ಮೊದಲ ಎರಡು ವಾರ ಹೊಟ್ಟೆ ಉಬ್ಬರ. ಕ್ಷಮಿಸಿ, ಗ್ಯಾಸ್ ಅಂತಲೇ ಹೇಳಿಬಿಡ್ತೀನಿ. ಮೀಟಿಂಗ್ ರೂಮಿನಲ್ಲಿ ಕೂರೋದೇ ಕಷ್ಟ. ಹಾಲು, ಮೊಟ್ಟೆಯ ಪ್ರೋಟೀನ್ ಹೋಯ್ತಲ್ಲ ಅಂತ ಹುರುಳಿ, ಅಲಸಂದೆ, ಕಡಲೆಕಾಳು ಒಟ್ಟಿಗೇ ಶುರು ಮಾಡಿದ್ದು ನನ್ನ ತಪ್ಪು. ಕಾಳುಗಳಲ್ಲಿರುವ ಕೆಲವು ಸಕ್ಕರೆ ಅಂಶಗಳನ್ನು ಜೀರ್ಣಿಸುವ ಕಿಣ್ವ ನಮ್ಮಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡ್ತವೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ಕಮ್ಮಿಯಾಗುತ್ತೆ. ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ ಹೊಟ್ಟೆಯೂ ಪಳಗುತ್ತೆ. ನನಗೆ ಒಂದೂವರೆ ತಿಂಗಳು ಹಿಡೀತು.

ಇನ್ನೊಂದು ಕಾಟ ಹಸಿವು. ಬೆಳಿಗ್ಗೆ ಎಂಟಕ್ಕೆ ತಿಂದರೆ ಹನ್ನೊಂದಕ್ಕೆ ಖಾಲಿ. ಮೊಸರನ್ನ ಇಲ್ಲದೆ ಊಟ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ. ಕೈ ತೊಳೆದು ಬಂದು ಮತ್ತೆ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಸೋಯಾ ಹಾಲು ಹಾಕಿದ ಫಿಲ್ಟರ್ ಕಾಫಿ ಕಣ್ಣೆದುರೇ ಒಡೆದು ಹೋಯ್ತು. ಆ ವಿಷಯದಲ್ಲಿ ನಾನು ಇವತ್ತಿಗೂ ಸೋತವನೇ, ಬರೀ ಡಿಕಾಕ್ಷನ್ ಕುಡೀತೀನಿ.

ಮೂರನೇ ತಿಂಗಳಿಗೆ ಎಲ್ಲ ಹಗುರ. ನಾಲ್ಕು ಕೆಜಿ ಇಳಿದಿದ್ದೆ. ಕಾಫಿ ಕುಡಿದಾಗೆಲ್ಲ ಆಗುತ್ತಿದ್ದ ಹೊಟ್ಟೆ ಗುಡುಗುಡು ನಿಂತಿತು. ಬಹುಶಃ ನನಗೆ ಹಾಲಿನ ಲ್ಯಾಕ್ಟೋಸ್ ಮೊದಲಿಂದಲೂ ಆಗಿಬರುತ್ತಿರಲಿಲ್ಲ. ಊರಿಗೆ ಹೋದರೆ ಮುದ್ದೆ, ಉಪ್ಪೆಸ್ರು, ಮಸ್ಸೊಪ್ಪು, ಹುಚ್ಚೆಳ್ಳು ಚಟ್ನಿಪುಡಿ. ಅರ್ಧ ಅಡುಗೆ ಯಾವ ಬೋರ್ಡೂ ಇಲ್ಲದೆ ವೀಗನ್ನೇ. ಕ್ಯಾಲ್ಸಿಯಂ ಹೆಂಗೆ ಅಂತ ಕೇಳಿದವರಿಗೆ ರಾಗಿ ಲೆಕ್ಕ ಒಪ್ಪಿಸುತ್ತಿದ್ದೆ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ಲೆಕ್ಕವೇನೋ ಸರಿ. ಆದರೆ ಆ ಲೆಕ್ಕದಲ್ಲಿ ಬಿ12 ಇರಲಿಲ್ಲ.

ಬಿ12 ವಿಷಯ ನಾನು ಓದಿರಲಿಲ್ಲ ಅಂತಲ್ಲ. ಗಿಡಮರಗಳಿಂದ ಬರುವ ಆಹಾರದಲ್ಲಿ ನಂಬಬಹುದಾದಷ್ಟು ಬಿ12 ಸಿಗಲ್ಲ, ಮಾತ್ರೆ ತಗೋಬೇಕು ಅಂತ ವೀಗನ್ ಪುಸ್ತಕಗಳೇ ಹೇಳ್ತವೆ. ಒಂದು ಡಬ್ಬಿ ತಂದೂ ಇದ್ದೆ. ಕ್ಯಾಪ್ಸೂಲಿನ ಹೊರಕವಚ ಜೆಲಟಿನ್, ಅಂದ್ರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು ಅಂತ ಗೊತ್ತಾಗಿ ಡ್ರಾಯರಿಗೆ ಹಾಕಿದೆ. ಬೇರೆ ತರೋಣ ಅಂದುಕೊಂಡೆ. ಏನೂ ತೊಂದರೆ ಆಗಲಿಲ್ಲ, ತರಲಿಲ್ಲ.

ತೊಂದರೆ ಕಾಣದೇ ಇದ್ದಿದ್ದೇ ತೊಂದರೆ. ನಮಗೆ ದಿನಕ್ಕೆ ಬೇಕಾಗಿರೋದು ಎರಡು ಮೈಕ್ರೋಗ್ರಾಂ ಚಿಲ್ಲರೆ, ಅಷ್ಟೇ. ಲಿವರ್ ಅದನ್ನು ವರ್ಷಗಟ್ಟಲೆ ಆಗುವಷ್ಟು ಕೂಡಿಟ್ಟಿರುತ್ತೆ. ತಿನ್ನೋದು ನಿಲ್ಲಿಸಿದರೂ ಉಳಿತಾಯ ಖಾತೆಯಿಂದ ತೆಗೆದು ಖರ್ಚು ಮಾಡುತ್ತೆ, ಮೆಸೇಜೂ ಕಳಿಸಲ್ಲ. ಸೊಪ್ಪು, ಕಾಳಿನಲ್ಲಿ ಫೋಲೇಟ್ ಜಾಸ್ತಿ. ಅದು ಬಿ12 ಕೊರತೆಯಿಂದ ಬರಬೇಕಾದ ರಕ್ತಹೀನತೆಯನ್ನು ಮುಚ್ಚಿಡಬಲ್ಲದು. ಹಾಗಾಗಿ ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ನನ್ನ ಹಿಮೋಗ್ಲೋಬಿನ್ ನಾರ್ಮಲ್. ಆ ರಿಪೋರ್ಟನ್ನು ಅವ್ವನಿಗೆ ವಾಟ್ಸಾಪ್ ಬೇರೆ ಮಾಡಿದ್ದೆ! ಒಳಗೆ ನರಗಳು ಸವೆಯುತ್ತಿದ್ದವು.

ಮೈಸೂರಿನಲ್ಲಿ ತೋರಿಸಿದಾಗ ಡಾಕ್ಟರು ಟ್ಯೂನಿಂಗ್ ಫೋರ್ಕ್ ಹೆಬ್ಬೆರಳಿನ ಮೇಲಿಟ್ಟು "ನಡುಗೋದು ಗೊತ್ತಾಗ್ತಿದೆಯಾ?" ಅಂತ ಕೇಳಿದರು. ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ನೋಡಿದ್ದ ಅದೇ ಫೋರ್ಕು. ಕೈಯಲ್ಲಿ ಗೊತ್ತಾಯ್ತು, ಕಾಲಿನಲ್ಲಿ ಇಲ್ಲ. ಬಿ12 138 ಬಂತು. ಆ ಲ್ಯಾಬಿನ ಪ್ರಕಾರ 200ರ ಮೇಲಿರಬೇಕು. "ಬೇರೆ ಏನಾದರೂ ಮಾತ್ರೆ ತಗೋತೀರಾ?" ಅಂದರು. ಆಸಿಡಿಟಿಗೆ ಪ್ಯಾಂಟೊಪ್ರಜೋಲ್, ಮೂರ್ನಾಲ್ಕು ವರ್ಷದಿಂದ, ಬೆಂಗಳೂರಿಗೆ ಬಂದಾಗಿನಿಂದಲೂ ಹೆಚ್ಚುಕಮ್ಮಿ ದಿನಾ. ಆಹಾರದಲ್ಲಿನ ಬಿ12 ಬಿಡಿಸಿಕೊಳ್ಳೋಕೆ ಹೊಟ್ಟೆಯ ಆಮ್ಲ ಬೇಕು. ಅಂದರೆ ಮೊಸರು ಬಿಡುವ ಮೊದಲೇ ನನ್ನ ಖಾತೆ ಬಹುಪಾಲು ಖಾಲಿ ಇದ್ದಿರಬೇಕು. ಇಂಜೆಕ್ಷನ್ ಶುರು ಮಾಡಿದರು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು.

ಅವ್ವನಿಗೆ ಹೇಳೋದಾ ಬೇಡ್ವಾ ಅಂತ ಒಂದು ವಾರ ಒದ್ದಾಡಿದೆ. "ನಾನ್ ಏಳ್ನಿಲ್ವಾ" ಅಂತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಲೋಟದಲ್ಲಿ ಹಾಲು ತಂದು ಮುಂದಿಟ್ಟು ಸುಮ್ಮನೆ ಕೂತಳು. ಕುಡಿದುಬಿಡಲಾ ಅಂತ ನಿಜವಾಗಲೂ ಅನ್ನಿಸಿತು. ಕೊನೆಗೆ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡಿದ್ದನ್ನು ಹೇಳಿದೆ: ಈ ವಿಟಮಿನ್ ಹಸುವೂ ಮಾಡಲ್ಲವ್ವ, ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮಾಡೋದು, ಮಾತ್ರೆಗೂ ಬ್ಯಾಕ್ಟೀರಿಯಾದಿಂದಲೇ ತೆಗೀತಾರೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಅಂಗಾರೆ ಮಾತ್ರೆನಾರೂ ನೆಟ್ಟಗ್ ತಗೋ" ಅಂದು ಲೋಟ ತಾನೇ ಕುಡಿದಳು.

ಈಗ ಜೆಲಟಿನ್ ಇಲ್ಲದ ಮಾತ್ರೆ ದಿನಕ್ಕೊಂದು, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಡಾಕ್ಟರಿಗೆ ಹೇಳಿಯೇ ಪ್ಯಾಂಟೊಪ್ರಜೋಲ್ ಬಿಟ್ಟೆ. ಎಡಗಾಲು ಮೂರು ತಿಂಗಳಲ್ಲಿ ಸರಿಹೋಯ್ತು. ಬಲಗಾಲಿನ ಎರಡು ಬೆರಳು ಇನ್ನೂ ಮಂದ. ಅದು ವಾಪಸ್ ಬರಬಹುದು, ಬಾರದೆಯೂ ಇರಬಹುದು ಅಂದಿದ್ದಾರೆ ಡಾಕ್ಟರು.

ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅವ್ವ ಫೋನ್ ಮಾಡ್ತಾಳೆ. "ಉಂಡ್ಯಾ" ಅಂತ ಕೇಳುವ ಮೊದಲು "ಮಾತ್ರೆ ತಗಂಡ್ಯಾ" ಅಂತಾಳೆ. ಕಳೆದ ತಿಂಗಳು ಹಸು ಮತ್ತೆ ಕರು ಹಾಕಿತು, ಈ ಸಲವೂ ಗಂಡು. ನಾನು ಏನೂ ಕೇಳಿಲ್ಲ, ಮೇವಿಗೆ ಅಂತ ಒಂದಿಷ್ಟು ದುಡ್ಡು ಕಳಿಸಿದೆ. ನಿನ್ನೆ ವಿಡಿಯೋ ಕಾಲಿನಲ್ಲಿ ಅವ್ವ ಫೋನನ್ನು ಕೊಟ್ಟಿಗೆ ಕಡೆ ತಿರುಗಿಸಿದಳು. ಕರು ಇನ್ನೂ ಅಲ್ಲೇ ಇತ್ತು.